ಪಾಲಿಗೆ ಬಂದ ಹನ್ನೆರಡು ವೋಲ್ಟ್

ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಮೋಸಕ್ಕೆ ಜಾಗವಿರಬಾರದೆಂದು ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ ಅದು. ನಾನೂ ಹಾಗೆಯೇ ಮಾಡಿದೆ. ಈ ಕಡೆ ದೋಣಿ, ಬಲೆ. ಆ ಕಡೆ ಮನೆ. ದೋಣಿಯಲ್ಲಿ ಎರಡು ಬ್ಯಾಟರಿ ಇದ್ದವು, ಎರಡೂ ಕಡೆಗೆ ಒಂದೊಂದು ಇಟ್ಟೆ. ತಮ್ಮ ಮನೆಯ ಪಾಲು ಆರಿಸಿಕೊಂಡ. ಮದುವೆಯಾದ ಮೇಲೆ ಅವನು ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದಿದ್ದ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಜನ ಆಡಿಕೊಂಡರು. ನಿಜ ಹೇಳಬೇಕೆಂದರೆ ನಾವು ಜಗಳವನ್ನೇ ಆಡಿರಲಿಲ್ಲ. ಆಡಿದ್ದರೆ ರಾಜಿಗಾದರೂ ಒಂದು ದಾರಿಯಿರುತ್ತಿತ್ತು.

ಮರುದಿನ ದೋಣಿ ಹತ್ತಿ ಸ್ವಿಚ್ ಒತ್ತಿದಾಗ ನನ್ನ ಬುದ್ಧಿವಂತಿಕೆ ನನಗೇ ತಿಳಿಯಿತು. ಹನ್ನೆರಡು ವೋಲ್ಟಿನ ಆ ಎರಡು ಬ್ಯಾಟರಿಗಳನ್ನು ಒಂದಕ್ಕೊಂದು ಜೋಡಿಸಿ ಇಪ್ಪತ್ನಾಲ್ಕು ಮಾಡಿಕೊಂಡಿದ್ದೆವು. ನ್ಯಾಯದ ಭರದಲ್ಲಿ ಜೋಡಿಯನ್ನೇ ಮುರಿದಿದ್ದೆ. ಮೀನು ತೋರಿಸುವ ಫಿಶ್ ಫೈಂಡರ್ ಹನ್ನೆರಡಕ್ಕೂ ಇಪ್ಪತ್ನಾಲ್ಕಕ್ಕೂ ಒಗ್ಗುವಂಥದ್ದು, ಅದರ ಪರದೆ ಬೆಳಗಿತು. ವೈರ್‌ಲೆಸ್‌ಗೆ ಇಪ್ಪತ್ನಾಲ್ಕೇ ಬೇಕು, ಅದು ಬಾಯಿಬಿಡಲಿಲ್ಲ. ನೀರಿನ ಕೆಳಗೆ ಮೀನೆಲ್ಲಿದೆ ಎಂದು ಕಾಣುತ್ತಿತ್ತು, ನೀರಿನ ಮೇಲೆ ಯಾರೊಡನೆಯೂ ಮಾತಿಲ್ಲ. ಎಂಜಿನ್ನನ್ನು ಹ್ಯಾಂಡಲ್ ತಿರುಗಿಸಿ ಹೊರಡಿಸಿ, ಬ್ಯಾಟರಿಯನ್ನು ದಡದಲ್ಲಿ ಚಾರ್ಜ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಹಾಗೆಯೇ ಹೋಗಿಬಂದೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಬೈಸಿಕೊಳ್ಳಲು ಎದುರಿಗೆ ತಮ್ಮನಿಲ್ಲದೆ ಎಂಜಿನ್ನನ್ನು ಬೈದೆ, ಕಡಲಕ್ಕಿಗಳನ್ನು ಬೈದೆ.

ಕೊನೆಗೆ ಬಂದರಿನವರು ವೈರ್‌ಲೆಸ್ ಇಲ್ಲದ ದೋಣಿಯನ್ನು ಇನ್ನು ಬಿಡುವುದಿಲ್ಲ ಎಂದರು. ಬ್ಯಾಟರಿ ಹೊತ್ತುಕೊಂಡು ಅಂಗಡಿಗೆ ಹೋದೆ. ಅಂಗಡಿಯಾಕೆ ಮೀಟರ್ ಇಟ್ಟು ನೋಡಿ, ಇದಿನ್ನೂ ಗಟ್ಟಿಯಾಗಿದೆ ಎಂದಳು. ಇದರ ಜೊತೆಗೆ ಹೊಸದೊಂದನ್ನು ಕೊಡಮ್ಮ ಎಂದೆ.

“ಹಳೇದಕ್ಕೆ ಹೊಸದನ್ನ ಕಟ್ಟಿದ್ರೆ ಎತ್ತು ಏರಿಗೆ, ಕೋಣ ನೀರಿಗೆ ಅಷ್ಟೇ. ಇದರ ಜೋಡಿ ಇದ್ರೆ ತನ್ನಿ, ಇಲ್ಲಾ ಎರಡೂ ಹೊಸದು ಹಾಕಿ. ಅದೂ ಬೇಡ ಅಂದ್ರೆ ಎಲ್ಲಾನೂ ಹನ್ನೆರಡಕ್ಕೇ ಇಳಿಸಿಬಿಡಿ. ಒಬ್ಬರೇ ಹೋಗೋರು, ಧಾರಾಳವಾಗಿ ಸಾಕು.”

ಒಬ್ಬರೇ ಎಂಬ ಮಾತು ಚುಚ್ಚಿತು. ಎರಡು ಹೊಸದನ್ನು ತರಲು ನನಗೇನೂ ಕಷ್ಟವಿರಲಿಲ್ಲ. ಆದರೆ ನನಗೆ ಬೇಕಿದ್ದದ್ದು ಬ್ಯಾಟರಿಯಲ್ಲ, ತಮ್ಮ. ದೋಣಿ ಇಪ್ಪತ್ನಾಲ್ಕರಲ್ಲೇ ಇದ್ದರೆ ಅವನು ಇಂದಲ್ಲ ನಾಳೆ ಬಂದಾನು ಎಂದು ನಂಬಿಕೊಂಡಿದ್ದೆ. ಬ್ಯಾಟರಿ ಕೇಳುವ ನೆಪದಲ್ಲಿ ಅವನ ಮನೆಗೆ ಹೋದೆ. ಕೊಡಲ್ಲಣ್ಣ, ನಾನೇ ತರ್ತೀನಿ, ಒಟ್ಟಿಗೇ ಹೋಗೋಣ ಎಂದು ಅವನು ಹೇಳುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕೇಳಿಸಿಕೊಂಡೆ.

ಕರೆಂಟ್ ಹೋಗಿತ್ತು. ನಡುಮನೆಯಲ್ಲಿ ಮಗು ಮಲಗಿತ್ತು, ಅದರ ತಲೆಯ ಬಳಿ ಪುಟ್ಟ ಫ್ಯಾನ್ ತಿರುಗುತ್ತಿತ್ತು. ಫ್ಯಾನಿನ ವೈರು ನನ್ನ ಬ್ಯಾಟರಿಯ ಜೋಡಿಗೆ ಹೋಗಿತ್ತು. ನಾನು ವಿಷಯ ಎತ್ತಿದೆ. ತಮ್ಮ ತಕ್ಷಣ ಕೂತು ವೈರು ಬಿಚ್ಚಿದ. ಫ್ಯಾನ್ ನಿಂತಿತು. ಅವನ ಹೆಂಡತಿ ಸೆರಗಿನಿಂದ ಮಗುವಿಗೆ ಗಾಳಿ ಹಾಕತೊಡಗಿದಳು.

“ತಗೊಂಡ್ಹೋಗಣ್ಣ,” ಎಂದ. “ನಾನಂತೂ ಇನ್ನು ದೋಣಿ ಹತ್ತೋನಲ್ಲ. ಬೇಜಾರು ಮಾಡ್ಕೋಬೇಡ.”

ಕೊಡುವುದಿಲ್ಲ ಎಂದಿದ್ದರೆ ನಾಲ್ಕು ಮಾತು ಬೈದು ಬರುತ್ತಿದ್ದೆ. ಅಷ್ಟು ಸಲೀಸಾಗಿ ಕೊಟ್ಟವನನ್ನು ಏನೆಂದು ಬೈಯಲಿ? ಮಗುವಿಗೆ ಸೆಕೆಯಾಗುತ್ತೆ, ಮೊದಲು ವೈರು ಹಾಕು ಎಂದು ಗದರಿ ಎದ್ದುಬಂದೆ. ಬೀದಿಗಿಳಿದ ಮೇಲೆ ಅಳು ಬಂತು.

ಅಂಗಡಿಯಾಕೆಗೆ ಹನ್ನೆರಡೇ ಇರಲಿ ಎಂದೆ. ಚಾರ್ಜ್ ಮಾಡುವ ಡೈನಮೋ ಬದಲಾಯಿತು, ಹನ್ನೆರಡರ ಹೊಸ ವೈರ್‌ಲೆಸ್ ಬಂತು. ಮೆಕ್ಯಾನಿಕ್ ಒಂದೇ ಬೆಳಗ್ಗೆ ಎಲ್ಲವನ್ನೂ ಕೂಡಿಸಿ ಹೋದ. ಜೋಡಿ ಬ್ಯಾಟರಿಯ ಜಾಗದಲ್ಲಿ ಬಲೆಯ ಹಗ್ಗ ಸುತ್ತಿಟ್ಟೆ.

ಬಂದರು ದಾಟುವಾಗ ಪ್ರತಿ ದೋಣಿಯವನೂ ಒಳಗೆ ಎಷ್ಟು ಜನರಿದ್ದಾರೆಂದು ಕಾವಲಿನವನಿಗೆ ವೈರ್‌ಲೆಸ್‌ನಲ್ಲಿ ಹೇಳಬೇಕು. ನಾನು ಗುಂಡಿ ಒತ್ತಿ ದೋಣಿಯ ನಂಬರ್ ಹೇಳಿದೆ. ಅವನು ಎಷ್ಟು ಜನ ಎಂದ.

“ಒಬ್ಬ.”

ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದ. ಬ್ಯಾಟರಿಯಲ್ಲಿ ಏನೂ ಕೊರತೆಯಿರಲಿಲ್ಲ, ನನ್ನ ದನಿಯೇ ಹೂತುಹೋಗಿತ್ತು. ಗುಂಡಿಯನ್ನು ಮತ್ತೆ ಒತ್ತಿ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದೆ.