ಬಿಸಿನೀರು ಸುರಿದ ಮೆಟ್ಟಿಲು

ಮಳೆ ಬರುವ ಮುನ್ನ ಹೇಳಿ ಕಳಿಸುತ್ತದೆ. ಗುಡುಗುತ್ತದೆ, ಗಾಳಿ ಎಬ್ಬಿಸುತ್ತದೆ, ಹೊರಗೆ ಹಾಕಿದ ಬಟ್ಟೆ ತೆಗೆದುಕೊಳ್ಳಲು ಪುರುಸೊತ್ತು ಕೊಡುತ್ತದೆ. ಹಿಮ ಹಾಗಲ್ಲ, ಬೆಕ್ಕಿನ ಹೆಜ್ಜೆಯಲ್ಲಿ ಬಂದು ಕೂತುಬಿಡುತ್ತದೆ. ಸೆಕೆಯ ಊರಿನಲ್ಲಿ ಬೆಳೆದ ನನಗೆ ಮೊದಮೊದಲು ಅದು ಚಂದವೆಂದೇ ಕಂಡಿತ್ತು. ಈ ಚಳಿಯೂರಿಗೆ ಬಂದ ಮೊದಲ ಚಳಿಗಾಲದ ಕೊನೆಗೆ ಮನೆಯ ಹೊರಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಅಲ್ಲಿಂದಾಚೆಗೆ ಹಿಮ ಬಿದ್ದ ದಿನ ಹೊಸ್ತಿಲು ದಾಟುವುದನ್ನೇ ಬಿಟ್ಟೆ.

ನನ್ನ ಕೆಲಸವೋ ಲಾಂಡ್ರಿಯಲ್ಲಿ, ದೊಡ್ಡ ದೊಡ್ಡ ಹಾಸಿಗೆ ಬಟ್ಟೆಗಳ ಇಸ್ತ್ರಿ. ಅದು ಜೋಡಿ ಕೆಲಸ. ಆ ತುದಿ ಜೊತೆಯವಳು, ಈ ತುದಿ ನಾನು ಹಿಡಿದು ಜಗ್ಗಿ, ಸುಕ್ಕು ಬಿಡಿಸಿ, ಕಾದ ಉರುಳೆಯೊಳಕ್ಕೆ ಬಿಡಬೇಕು. ನಾನು ಹೋಗದಿದ್ದರೆ ನನ್ನ ಜೋಡಿಯೂ ಕೈಕಟ್ಟಿ ನಿಲ್ಲಬೇಕು. ಮುಂದಿನ ಚಳಿಗಾಲ ಎರಡು ಸಲ ಹಾಗಾಯಿತು.

"ಇನ್ನೊಂದು ಸಲ ಬರದಿದ್ರೆ ಅವಳಿಗೆ ಬೇರೆ ಜೋಡಿ ಹುಡುಕ್ತೀನಿ. ನೀವು ಮನೇಲೇ ಬೆಚ್ಚಗಿರಿ," ಎಂದರು ಲಾಂಡ್ರಿಯ ಯಜಮಾನಿ. ಸಿಟ್ಟಿನಿಂದ ಹೇಳಿದ್ದರೆ ವಾಸಿಯಿತ್ತು, ನಗುತ್ತಾ ಹೇಳಿದರು.

ಮರುವಾರವೇ ಒಂದು ಬೆಳಗ್ಗೆ ಕಣ್ಣುಬಿಟ್ಟರೆ, ದೀಪ ಹಚ್ಚದೆಯೇ ಕೋಣೆಯ ತುಂಬ ಹಿಮದ ಬಿಳಿ ಬೆಳಕು. ಕಿಟಕಿಯ ಬಳಿ ನಾದಿನಿ ಕುಣಿಯುತ್ತಿದ್ದಳು. ಊರಿನಿಂದ ಹೊಸದಾಗಿ ಬಂದವಳು, ಅವಳು ಕಂಡ ಮೊದಲ ಹಿಮ.

"ಅತ್ತಿಗೆ, ಬನ್ನಿ ನೋಡಿ! ಬೀದಿಗೆಲ್ಲ ನಿಮ್ಮ ಇಸ್ತ್ರಿ ಬಟ್ಟೆ ಹಾಸಿದ ಹಾಗಿದೆ."

"ಹಾಸೋಕೇನು, ಎತ್ತಿ ಮಡಿಸೋರು ಯಾರು?"

"ಇವತ್ತು ಹೋಗ್ತೀರಾ?"

"ಅದೇ ಯೋಚನೆ ಕಣೇ. ಹೋದ್ರೆ ಸೊಂಟ ಹೋಗುತ್ತೆ, ಹೋಗದಿದ್ರೆ ಕೆಲಸ ಹೋಗುತ್ತೆ."

ಅವಳು ಅಡುಗೆಮನೆಗೆ ಹೋದಳು. ನಾನು ಕೋಟಿನ ಗುಂಡಿ ಹಾಕುವುದು, ಬಿಚ್ಚುವುದು, ಇದನ್ನೇ ಮಾಡುತ್ತಿದ್ದೆ. ಅಷ್ಟರಲ್ಲಿ ಹೊರಗೆ ನೀರು ಸುರಿದ ಸದ್ದು. ಬಾಗಿಲು ತೆರೆದರೆ, ನಾದಿನಿ ದೊಡ್ಡ ಪಾತ್ರೆ ಹಿಡಿದು ನಿಂತಿದ್ದಾಳೆ. ಮೆಟ್ಟಿಲುಗಳಿಂದ ಹಬೆ ಏಳುತ್ತಿದೆ. ಹಿಮ ಕರಗಿ ಕಲ್ಲು ಕಾಣುತ್ತಿತ್ತು.

"ಕುದಿಯೋ ನೀರು ಹಾಕ್ದೆ ಅತ್ತಿಗೆ. ಇನ್ನು ರಾಣಿ ಥರ ಇಳೀರಿ."

ನನಗೂ ಸರಿಯೆನಿಸಿತು. ನಾವು ಬೆಳೆದ ಊರಿನಲ್ಲಿ ಚೆಲ್ಲಿದ ನೀರು ಒಣಗುತ್ತದೆ, ಅಷ್ಟೇ ನಮಗೆ ಗೊತ್ತಿದ್ದದ್ದು. ತಿಂಡಿ ತಿಂದು, ಊಟದ ಡಬ್ಬಿ ಕಟ್ಟಿಕೊಂಡು ಹೊರಬಂದರೆ ಸುರಿದ ನೀರು ಹೆಪ್ಪುಗಟ್ಟಿ ಮೆಟ್ಟಿಲುಗಳು ಗಾಜಾಗಿದ್ದವು.

ಕೆಳಮನೆಯ ಬೀಗ ರಿಪೇರಿ ತಾತ ಪೊರಕೆ ಹಿಡಿದು ನಿಂತವರು ತಲೆಯೆತ್ತಿದರು. "ಯಾವ ಪುಣ್ಯಾತ್ಗಿತ್ತಿ ಕೆಲಸಾನಮ್ಮ ಇದು? ಹಿಮದ ಮೇಲಾದ್ರೂ ಕಾಲು ಊರಬಹುದಿತ್ತು. ಇದರ ಮೇಲೆ ನೊಣ ಕೂತ್ರೂ ಜಾರುತ್ತೆ!"

"ಒಳ್ಳೇದಕ್ಕೇ ಮಾಡಿದ್ದು ತಾತ," ಎಂದ ನಾದಿನಿಯ ಮುಖ ಬಾಡಿಹೋಗಿತ್ತು.

"ಅಂಗಡೀಲಿ ಮರಳು ಇದೆ, ಜಾರದ ಹಾಗೆ ತಂದು ಹಾಕ್ತೀನಿ. ಸ್ವಲ್ಪ ಹೊತ್ತಾಗುತ್ತೆ."

ಅಷ್ಟು ಹೊತ್ತು ನನ್ನ ಜೋಡಿ ಒದ್ದೆ ಬಟ್ಟೆಯ ರಾಶಿಯ ಮುಂದೆ ಒಬ್ಬಳೇ ನಿಂತಿರುತ್ತಾಳೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಗ ಹೊಳೆಯಿತು: ನಿಂತವರು ತಾನೇ ಬೀಳುವುದು, ಕೂತವರು ಎಲ್ಲಿಗೆ ಬಿದ್ದಾರು? ಕೋಟನ್ನು ಅಡಿಗೆ ಒತ್ತಿಕೊಂಡು ಮೇಲಿನ ಮೆಟ್ಟಿಲಲ್ಲೇ ಕೂತುಬಿಟ್ಟೆ.

"ಅಯ್ಯೋ ಅತ್ತಿಗೆ, ಜನ ನೋಡ್ತಾರೆ!"

"ನೋಡ್ಲಿ ಬಿಡೇ. ಕೈ ಮುರಿದಾಗ ಬಂದು ನೋಡಿದ್ರಾ?"

ಹಾಲುಗಲ್ಲದ ಮಗುವಿನ ಹಾಗೆ ಕೂತಲ್ಲೇ ಜರುಗುತ್ತಾ ಒಂದೊಂದಾಗಿ ಇಳಿಯತೊಡಗಿದೆ. ತಾತ ಮರ್ಯಾದೆಗೆಂದು ಗೋಡೆಯ ಕಡೆ ತಿರುಗಿದರು; ಭುಜ ಮಾತ್ರ ಕುಲುಕುತ್ತಿತ್ತು. ನಡುವೆ ಸರ್ರನೆ ಎರಡು ಮೆಟ್ಟಿಲು ಒಟ್ಟಿಗೇ ಜಾರಿದೆ. ಚೀರಿದ್ದು ನಾನೇ. ಏನೂ ಮುರಿಯಲಿಲ್ಲವೆಂದು ತಿಳಿದಾಗ ನಕ್ಕವಳೂ ನಾನೇ.

ಬೀದಿಗೆ ಬಂದು ಎದ್ದು ನಿಂತೆ. ಯಾರೂ ತುಳಿಯದ ಹಿಮದೊಳಗೆ ಹೆದರುತ್ತಲೇ ಕಾಲಿಟ್ಟೆ. ಕರಕರ ಎಂದು ತಗ್ಗಿ, ಪಾದವನ್ನು ಬಿಗಿಯಾಗಿ ಹಿಡಿದುಕೊಂಡಿತು. ಹಾಗೆಂದು ಅದನ್ನು ಪೂರ್ತಿ ನಂಬಿದೆನೆಂದಲ್ಲ. ಚಂದದವರನ್ನು ದೂರದಿಂದ ನೋಡಿದರೆ ಕ್ಷೇಮ ಎಂದು ಈಗಲೂ ಅನ್ನಿಸುತ್ತದೆ. ಆದರೆ ಅಂದು ಅದರ ಮೇಲೆ ನಡೆದೆ.

"ಅತ್ತಿಗೆ, ನಾನು ಹೇಗೆ ಇಳೀಲಿ?" ಮೇಲಿನಿಂದ ನಾದಿನಿ ಕೂಗಿದಳು. ಕುಣಿತವೆಲ್ಲ ನಿಂತಿತ್ತು.

"ಮರಳು ಬರೋವರೆಗೆ ಚಂದ ನೋಡ್ತಾ ಕೂತಿರು!"

ಲಾಂಡ್ರಿಯಲ್ಲಿ ನನ್ನ ಜೋಡಿ ಉರುಳೆಯ ಮುಂದೆ ಕಾಯುತ್ತಿದ್ದಳು. ಯಜಮಾನಿ ಒಮ್ಮೆ ಗಡಿಯಾರ, ಒಮ್ಮೆ ನನ್ನನ್ನು ನೋಡಿ ತಮ್ಮ ಕೆಲಸಕ್ಕೆ ತಿರುಗಿದರು.

"ಕೋಟಿನ ಹಿಂಭಾಗವೆಲ್ಲ ಒದ್ದೆ. ಬಿದ್ಯಾ?" ಎಂದಳು ಜೋಡಿ.

"ಇಲ್ಲ, ಬಂದೆ."

ಅವಳು ಬಟ್ಟೆಯ ಒಂದು ತುದಿಯನ್ನು ನನ್ನ ಕಡೆ ಎಸೆದಳು.