ನನ್ನೊಳಗೂ ಆಟವಿತ್ತು

ನಾನು ಒಂದು ಕಂಪ್ಯೂಟರ್. ಹುಟ್ಟಿದ್ದು ಹೆಸರುವಾಸಿ ಕಂಪನಿಯಲ್ಲಲ್ಲ, ಹುಬ್ಬಳ್ಳಿಯ ಒಂದು ಚಿಕ್ಕ ಅಂಗಡಿಯ ಮೇಜಿನ ಮೇಲೆ. ಬೇರೆ ಬೇರೆ ಡಬ್ಬಿಗಳಿಂದ ಬಂದ ಭಾಗಗಳನ್ನು ಒಂದೊಂದಾಗಿ ಜೋಡಿಸಿ, ಸ್ಕ್ರೂ ಬಿಗಿದು ನನ್ನನ್ನು ಮಾಡಿದರು. ನನ್ನಂಥವರನ್ನು ಅಸೆಂಬಲ್ಡ್ ಎನ್ನುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ತಾತ್ಸಾರವಿರುತ್ತದೆ. ಇರಲಿ. ಮೊದಲ ಸಲ ನನ್ನ ಫ್ಯಾನು ತಿರುಗಿದಾಗ ಜೋಡಿಸಿದವನು, "ಎದ್ದ ನೋಡ್ರಿ ಮಗಾ!" ಎಂದು ಬೆನ್ನು ತಟ್ಟಿದ್ದ. ನನಗೆ ಅಷ್ಟು ಸಾಕಾಗಿತ್ತು.

ಗದಗಿನಲ್ಲಿ ರಾಚಯ್ಯನವರ ಡಿಟಿಪಿ ಸೆಂಟರ್ ನನ್ನ ಮೊದಲ ಮನೆ. ಅಲ್ಲಿ ಲಗ್ನಪತ್ರಿಕೆಗಳನ್ನು ಟೈಪ್ ಮಾಡುತ್ತಿದ್ದವಳು ಕಸ್ತೂರಿ. ಕೀಲಿಗಳನ್ನು ಕುಟ್ಟದೆ, ಮಲ್ಲಿಗೆ ಕಟ್ಟುವವರ ಹಾಗೆ ಹಗುರವಾಗಿ ಮುಟ್ಟುವ ಬೆರಳುಗಳು ಅವಳವು. ಕಾಲ ಕಳೆದಂತೆ ನಾನು ನಿಧಾನವಾದೆ. ನಾನು ಒಂದು ಪುಟ ತೆರೆಯುವಷ್ಟರಲ್ಲಿ ಗಿರಾಕಿಗಳು ಚಹಾ ಕುಡಿದು ಬರುತ್ತಿದ್ದರು. ಅಂಗಡಿಗೆ ಹೊಸ ಯಂತ್ರ ಬಂತು. ಅದೇ ಹೊತ್ತಿಗೆ ಕಸ್ತೂರಿಯ ಅತ್ತೆಗೆ ಲಕ್ವಾ ಹೊಡೆದು, ಅವಳು ಕೆಲಸ ಬಿಡಬೇಕಾಯಿತು. ಮನೆಯಲ್ಲೇ ಕೂತು ಟೈಪ್ ಮಾಡಲಿ ಎಂದು ರಾಚಯ್ಯನವರು ನನ್ನನ್ನು ಅವಳಿಗೆ ಕೊಟ್ಟರು.

"ಹಳೇದೆಲ್ಲಾ ಅಳಿಸಿ ಲಿನಕ್ಸ್ ಅನ್ನೋ ಪುಕ್ಕಟ ಸಾಫ್ಟ್‌ವೇರ್ ಹಾಕೇನಿ ತಂಗಿ. ಮೈ ಹಗುರಾಗೈತಿ, ಚುರುಕ ಓಡತೈತಿ. ಆಟ-ಗೀಟ ಮಾತ್ರ ಕೇಳಬ್ಯಾಡ. ಇದರಾಗ ಅವು ಇರಂಗಿಲ್ಲ."

ಆ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಆದರೆ ಕೇಳದೆ ಉತ್ತರ ಕೊಡುವ ಅಭ್ಯಾಸ ನಮ್ಮ ಕುಲಕ್ಕಿಲ್ಲ.

ಕಸ್ತೂರಿಯ ಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕ ನನ್ನನ್ನಿಟ್ಟರು. ಎದುರಿಗೆ ಅತ್ತೆ ನೀಲಗಂಗವ್ವ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಬಲಗೈ ಮಡಿಲಲ್ಲಿ ಬೇರೆ ಯಾರದೋ ವಸ್ತುವಿನಂತೆ ಬಿದ್ದಿರುತ್ತಿತ್ತು. ಎಡಗೈ ಸರಿಯಿತ್ತು. ಆದರೆ ಎಡಗೈಯಲ್ಲಿ ಉಣ್ಣಲು ಅವರು ಒಪ್ಪಲಿಲ್ಲ. ಚಮಚ ಕೊಟ್ಟರೂ ಒಪ್ಪಲಿಲ್ಲ. ಸೊಸೆ ಕಲಸಿ ತುತ್ತು ಕೊಡಬೇಕು. ಇನ್ನೊಬ್ಬರ ಕೈಯಿಂದ ತಿನ್ನುವುದು ಅವರಿಗೆ ಎಷ್ಟು ಕಷ್ಟವೆಂದರೆ, ಎರಡು ತುತ್ತಿಗೇ "ಹೊಟ್ಟಿ ತುಂಬಿತು" ಎನ್ನುತ್ತಿದ್ದರು. ದಿನದಿನಕ್ಕೆ ಬಡವಾದರು.

ಕೈ ಆಡಿಸದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿ, ಹಿಚುಕಲು ಮೆತ್ತನೆಯ ಚೆಂಡು ಕೊಟ್ಟಿದ್ದರು. ನೀಲಗಂಗವ್ವ ಅದನ್ನು ಎಡಗೈಯಿಂದ ಅಂಗಳಕ್ಕೆ ಎಸೆದರು. "ನಾ ಏನ್ ತೊಟ್ಟಿಲಾಗಿನ ಕೂಸೇನ?"

ಆ ಮಧ್ಯಾಹ್ನ ಕಸ್ತೂರಿ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಂದೆ ಕೂತಳು. ರಾಚಯ್ಯನವರು ಇಲ್ಲವೆಂದಿದ್ದರೂ, ಅತ್ತೆಯ ಬೇಸರ ಕಳೆಯಲು ಏನಾದರೂ ಸಿಕ್ಕೀತೆಂದು "ಆಟಗಳು" ಎಂಬಲ್ಲಿ ಒತ್ತಿದಳು. ನಾನು ಪಟ್ಟಿಯನ್ನು ಹರಡಿದೆ. ಕೆಳಗೆ ಎಳೆದಷ್ಟೂ ಮುಗಿಯಲಿಲ್ಲ. "ಅಯ್ಯ, ಇಷ್ಟೊಂದ ಅದಾವಲ್ಲೋ ನಿನ್ನ ಹೊಟ್ಟ್ಯಾಗ!" ಎಂದಳು. ಆ ಕ್ಷಣ ನನ್ನ ಫ್ಯಾನು ತುಸು ಜೋರಾಗಿ ತಿರುಗಿತು ಎಂದರೆ ಸುಳ್ಳಲ್ಲ.

ಇರುವುದು ಬೇರೆ, ಒಗ್ಗುವುದು ಬೇರೆ. ಮೊದಲು ಬಂದೂಕಿನ ಆಟ ಬಂತು. "ಬಂದ್ ಮಾಡವಾ, ಯಾರಿಗರ ಬಡದೀತು!" ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಪೆಂಗ್ವಿನ್ ಕಾರು ಓಡಿಸುವ ಆಟ. "ಕರೀ ಕೋಟ್ ಹಾಕ್ಕೊಂಡ್ ಯಾವ ವಕೀಲ ಇಂವ?" ಎಂದು ನಕ್ಕರು. ಆದರೆ ಚಿತ್ರ ಓಡಿಸುವ ನನ್ನ ಹಳೆಯ ಶಕ್ತಿ ಸಾಲದೆ ಆ ವಕೀಲರು ಹೆಜ್ಜೆಹೆಜ್ಜೆಗೂ ನಿಂತುಬಿಡುತ್ತಿದ್ದರು. ಎಲೆಯಾಟ ತೆರೆದಾಗಂತೂ ಗದರಿದರು. "ಇಸ್ಪೀಟ? ನಿಮ್ಮ ಮಾವ ಇದ್ದಿದ್ರ ಇಬ್ಬರನೂ ಹೊರಗ ಹಾಕ್ತಿದ್ರು!"

ಕುಕ್ಕರ್ ಸೀಟಿಗೊಮ್ಮೆ ಎದ್ದು, ಒಗೆದ ಬಟ್ಟೆ ಹರವಲು ಒಮ್ಮೆ ಎದ್ದು, ಕಸ್ತೂರಿ ಬೇಸರಪಡದೆ ಹುಡುಕಿದಳು. ಕೊನೆಗೆ ಸಿಕ್ಕಿತು: ಒಂದರ ಮೇಲೊಂದು ಪೇರಿಸಿದ ಪುಟ್ಟ ಹಲಗೆಗಳು, ಅವುಗಳ ಮೇಲೆ ಚಿತ್ರ. ಒಂದೇ ಥರದ ಎರಡನ್ನು ಗುರುತಿಸಿ ಒತ್ತಿದರೆ ಅವು ಮಾಯ. ಅವಸರವಿಲ್ಲ, ಗದ್ದಲವಿಲ್ಲ. ನನ್ನ ಶಕ್ತಿಗೂ ಹೇಳಿ ಮಾಡಿಸಿದಂತಿತ್ತು.

ಕಸ್ತೂರಿ ಮೌಸನ್ನು ಎಡಗಡೆ ಇಟ್ಟಳು. ನೀಲಗಂಗವ್ವ ಮುಖ ತಿರುಗಿಸಿದರು.

"ಎಡಗೈಲೆ ಯಾರರ ಕವಡಿ ಒಗದಾರೇನ? ಆಟ ಅಂದ್ರ ಬಲಗೈ."

"ಅತ್ತಿ, ಇದು ಕವಡಿ ಅಲ್ಲರೀ…"

"ಆಟ ಹೌದಲ್ಲ?"

ಕಸ್ತೂರಿ ಅತ್ತೆಯ ಮಡಿಲಲ್ಲಿದ್ದ ಕೈಯನ್ನು ಒಂದು ಗಳಿಗೆ ನೋಡಿದಳು. ಮೌಸನ್ನು ಬಲಕ್ಕೆ ತಂದು, ಆ ಕೈಯನ್ನು ಎತ್ತಿ ಅದರ ಮೇಲಿಟ್ಟಳು.

ಪರದೆಯ ಮೇಲೆ ನನ್ನ ಬಾಣದ ಗುರುತು ನಡುಗಿತು. ಗುರಿ ದಾಟಿ ಹೋಯಿತು, ತಿರುಗಿ ಬಂತು, ಮತ್ತೆ ಜಾರಿತು. ಬೆರಳು ಬಾಗದೆ ಅವರು ಇಡೀ ಅಂಗೈಯಿಂದ ಅದುಮಿದರು. ಟಕ್! ಒಂದು ಜೋಡಿ ಮಾಯವಾಯಿತು. ಹಣೆಯಲ್ಲಿ ಬೆವರು, ಬಾಯಲ್ಲಿ ನಗು.

ಅಂದಿನಿಂದ ದಿನಾ ಆಟ. ಪರದೇಶದ ಆ ಚಿತ್ರಗಳಿಗೆ ಅವರು ತಾವೇ ಹೆಸರಿಟ್ಟರು. ಬಿದಿರು ಅವರಿಗೆ ಕಬ್ಬು, ಅರ್ಥವಾಗದ ಅಕ್ಷರ ರಂಗೋಲಿ, ಹಕ್ಕಿ ಕೋಳಿ.

"ಅತ್ತಿ, ಆ ಮೂಲ್ಯಾಗ ಇನ್ನೊಂದ್ ಕೋಳಿ ಐತಿ ನೋಡ್ರಿ," ಎಂದು ಕಸ್ತೂರಿ ಒಲೆಯ ಹತ್ತಿರದಿಂದ ಕೂಗುತ್ತಿದ್ದಳು.

"ನನಗ ಕಾಣಸ್ತೈತಿ. ನೀ ನಿನ್ನ ಒಗ್ಗರಣಿ ನೋಡ್ಕೊ, ಸೀದೀತು!"

ಅಂಗೈಯಿಂದ ಅದುಮುವುದು ಹೋಗಿ, ಒಂದು ದಿನ ತೋರುಬೆರಳೊಂದೇ ಒತ್ತಿತು. ನಾನು ಆ ವ್ಯತ್ಯಾಸವನ್ನು ಎಲ್ಲರಿಗಿಂತ ಮೊದಲು ಅರಿತೆ. ಬಾಣ ನಡುಗುವುದು ಕಡಿಮೆಯಾಯಿತು.

ಒಂದು ಮಧ್ಯಾಹ್ನ ಆಟ ನಡೆದಿರುವಾಗಲೇ ಕಸ್ತೂರಿ ತಟ್ಟೆ ತಂದಿಟ್ಟು ಅನ್ನ-ಸಾರು ಕಲಸಿದಳು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿ, ಅವಳು ಓಡಿದಳು. ನೀಲಗಂಗವ್ವ ಮೌಸ್ ಬಿಟ್ಟರು. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಬಲಗೈಯ ಬೆರಳುಗಳು ಅನ್ನದಲ್ಲಿ ಕೂಡಿದವು. ಮೊದಲ ತುತ್ತು ಮಡಿಲಿಗೆ ಬಿತ್ತು. ಎರಡನೆಯದು ಬಾಯಿ ಮುಟ್ಟಿತು.

ಬಾಗಿಲಲ್ಲಿ ಕಸ್ತೂರಿ ಇಕ್ಕಳ ಹಿಡಿದು ನಿಂತೇ ಇದ್ದಳು. ಕಣ್ಣು ತುಂಬಿತ್ತು.

"ಯಾಕ್ ನಿಂತಿ?" ಎಂದರು ಅತ್ತೆ, ತಲೆ ಎತ್ತದೆ. "ಇನ್ನೊಂದೀಟ್ ಅನ್ನ ತಾ. ಮಜ್ಜಿಗೀನೂ ತಾ."

ಆಟ ಅರ್ಧಕ್ಕೇ ಉಳಿಯಿತು. ಸಂಜೆಯವರೆಗೂ ಯಾರಿಗೂ ನನ್ನ ನೆನಪಾಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಫ್ಯಾನು ಗೊರಗೊರ ಎನ್ನುತ್ತದೆ. ಹಳೆಯ ಸೀರೆಯ ತುಂಡು ಹೊದ್ದು ಮೂಲೆಯಲ್ಲಿದ್ದೇನೆ. ಟೈಪಿಂಗ್ ಕೆಲಸ ಬಂದಾಗ ಕಸ್ತೂರಿ ಎಬ್ಬಿಸುತ್ತಾಳೆ. ನೀಲಗಂಗವ್ವ ನನ್ನ ಕಡೆ ಬರುವುದೇ ಅಪರೂಪ. ಅವರಿಗೆ ಪುರುಸೊತ್ತಿಲ್ಲ. ಕಾಳು ಹಸನು ಮಾಡುವುದಿರುತ್ತದೆ, ರೊಟ್ಟಿ ತಟ್ಟುವುದಿರುತ್ತದೆ, ಪಕ್ಕದ ಮನೆಯ ಕೂಸಿಗೆ ಎಣ್ಣೆ ತಿಕ್ಕುವುದಿರುತ್ತದೆ. ಕೂತವರನ್ನು ಏಳಗೊಡದ ಆಟವೇ ಒಳ್ಳೆಯ ಆಟ ಎಂದು ಹೊಸ ಯಂತ್ರಗಳು ಹೇಳಿಕೊಳ್ಳಬಹುದು. ನಾನು ಆಡಿಸಿದವರು ನನ್ನನ್ನು ಬಿಟ್ಟು ಎದ್ದುಹೋದರು. ಅದನ್ನು ನೆನೆದಾಗಲೆಲ್ಲ ಈ ಮೂಲೆಯಲ್ಲೂ ನನ್ನ ಎದೆ ಉಬ್ಬುತ್ತದೆ.