ಹಿಮದಲ್ಲಿ ನಡೆಯುವವಳ ಬೆನ್ನು

೧

'ಒಂದಾನೊಂದು ಕಾಲದಲ್ಲಿ' ಎಂದು ಶುರು ಮಾಡಲೇ? ಬೇಡ, ಆ ವಾಕ್ಯದಲ್ಲೇ ಅರ್ಧ ಆಯುಷ್ಯ ಕಳೆದ ಅಪ್ಪನಿಗೆ ಬೇಸರವಾದೀತು. ಸ್ನಾನದ ತೊಟ್ಟಿಯಿಂದ ಶುರು ಮಾಡುತ್ತೇನೆ. ಕ್ರಿಸ್‌ಮಸ್ ಊಟಕ್ಕೆ ತಂದ ಕಾರ್ಪ್ ಮೀನು ಅದರಲ್ಲಿ ಈಜುತ್ತಿದೆ. ನನ್ನ ಮಗಳು ವೆಂಡುಲಾ ಅದಕ್ಕೆ ಪೆಪೀಕ್ ಎಂದು ಹೆಸರಿಟ್ಟುಬಿಟ್ಟಿದ್ದಾಳೆ. ಹೆಸರಿಟ್ಟ ಮೇಲೆ ಕತ್ತಿ ಹಿಡಿಯುವವರಾರು? (ನಮ್ಮ ಬ್ರನೋ ಊರಲ್ಲಿ ವರ್ಷವರ್ಷವೂ ಎಷ್ಟೋ ಮನೆಗಳಲ್ಲಿ ಇದೇ ತಪ್ಪು.)

೨

'ಮಹಾನ್ ನಿರ್ದೇಶಕ ಡ್ರಾಹೊಮೀರ್...'

ಅಪ್ಪನ ಹೆಸರಿನ ಆ ಹಾಳೆ ಹರಿದೆ. ಆಲೂಗಡ್ಡೆ ಬೆಂದಿದೆಯೇ ನೋಡಿ ಬಂದೆ.

ಅಪ್ಪನಿಗೆ ಗಣಿ ಕೆಲಸದವರ ಸಿನಿಮಾ ಮಾಡುವ ಆಸೆಯಿತ್ತು. ಅಂದಿನ ಕಮ್ಯುನಿಸ್ಟ್ ಸರ್ಕಾರ ರಾಜಕುಮಾರಿಯರ ಕಥೆ ಮಾಡು ಎಂದಿತು. ಮಾಡಿದ. ಸರ್ಕಾರ ಬಿದ್ದ ಮೇಲೆ ಜನವೂ ಅದನ್ನೇ ಕೇಳಿದರು. ಆ ಮೊದಲ ಸಿನಿಮಾ ಪ್ರತಿ ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನ ಟೀವಿಯಲ್ಲಿ ಬರುತ್ತದೆ. ಹಾಡುಗಳು ಎಲ್ಲರಿಗೂ ಬಾಯಿಪಾಠ, ನಿರ್ದೇಶಕನ ಹೆಸರು ಯಾರಿಗೂ ನೆನಪಿಲ್ಲ.

೩

ಅದರಲ್ಲೊಂದು ದೃಶ್ಯ: ರಾಜಕುಮಾರಿ ಹಿಮದ ಬಯಲಲ್ಲಿ ದೂರ ದೂರ ನಡೆದು ಹೋಗುತ್ತಾಳೆ. ಅಂದು ನಾಯಕಿಗೆ ಜ್ವರ. ಸಿನಿಮಾಕ್ಕೆ ಉಡುಪು ಹೊಲಿಯುತ್ತಿದ್ದ ನನ್ನ ಅಮ್ಮ ಲೀಡಾ ಅವಳ ಮೇಲಂಗಿ ಹೊದ್ದು ಅವಳ ಬದಲು ನಡೆದಳು. ಕಾಣುವುದು ಬೆನ್ನು ಮಾತ್ರ. ನಾನು ವೆಂಡುಲಾಗಿಂತ ಚಿಕ್ಕವಳಿದ್ದಾಗಲೇ ಅಮ್ಮ ತೀರಿಕೊಂಡಳು. ಈ ಬೆನ್ನಷ್ಟೇ ನನಗೆ ಉಳಿದಿದೆ.

ದೃಶ್ಯ ಬರುವ ಹೊತ್ತಿಗೆ ಸರಿಯಾಗಿ ಅಪ್ಪ ಎದ್ದು ಅಡುಗೆಮನೆಗೆ ಹೋಗುತ್ತಾನೆ. ಒಮ್ಮೆಯಾದರೂ ಅವನ ಪಕ್ಕ ಕೂತು ಅಮ್ಮನನ್ನು ನೋಡಬೇಕೆಂಬುದು ನನ್ನಾಸೆ.

"ಸುಳ್ಳು ಬರೀತೀಯಾ," ಎಂದು ಅಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ. "ಮೀನು ಸೀದು ಹೋಗುತ್ತೆ ಅಂತ ಹೋಗೋದು."

"ಸರಿ ಅಪ್ಪಾ, ಹಾಗೇ ಬರೀತೀನಿ."

೪

ಸಿನಿಮಾ ಶುರುವಾಯಿತು. ಟೀವಿಯಲ್ಲಿ ಹಿಮ ಕಾಣುತ್ತಲೇ ಅಪ್ಪ ಎದ್ದ.

"ಮೀನು ಮಗುಚಿ ಬರ್ತೀನಿ."

"ಯಾವ ಮೀನು ತಾತಾ? ಪೆಪೀಕ್ ಸ್ನಾನ ಮಾಡ್ತಿದಾನೆ!" ವೆಂಡುಲಾ ಕಿಸಕ್ಕನೆ ನಕ್ಕಳು.

ಅಪ್ಪ ನಿಂತ. ಹೋಗಲು ನೆಪವಿರಲಿಲ್ಲ. ಕೂತ.

೫

ಅಂತ್ಯ ಒಂದು: ಅಪ್ಪ ಬಿಕ್ಕಿ ಬಿಕ್ಕಿ ಅಳುತ್ತಾನೆ.

"ಯಾರು ಅತ್ತದ್ದು? ಹೊಡೆದುಹಾಕು."

ಹೊಡೆದುಹಾಕಿದೆ.

ಅಂತ್ಯ ಎರಡು: ಪರದೆಯಿಂದ ಕಣ್ಣು ತೆಗೆಯದೆ ಅಪ್ಪ ಹೇಳುತ್ತಾನೆ, "ಅಲ್ಲಿ, ಆ ಮರದ ಹತ್ರ, ನನ್ನ ನೋಡೋಕೆ ತಿರುಗ್ತಿದ್ಲು. 'ತಿರುಗಬೇಡ ಲೀಡಾ!' ಅಂತ ನಾನೇ ಕೂಗಿದೆ. ಮುಖ ಕಂಡ್ರೆ ಶಾಟ್ ಹಾಳಲ್ವಾ."

(ಇದು ನಾನು ಕಟ್ಟಿದ್ದಲ್ಲ.)

"ಅಜ್ಜಿ ಮುಖ ಹೇಗಿತ್ತು ತಾತಾ?"

ಅಪ್ಪ ಹಿಟ್ಟು ಮೆತ್ತಿದ ನನ್ನ ಕೈ ಹಿಡಿದುಕೊಂಡು, ಟೀವಿಗೆ ಮೆಲ್ಲಗೆ ಹೇಳಿದ:

"ಈಗ ತಿರುಗೇ."

ಓದುಗರೇ, ಅವಳನ್ನು ತಿರುಗಿಸುವುದು ನನಗೆ ಒಂದೇ ಸಾಲಿನ ಕೆಲಸ. ಆದರೆ ಯಾವ ಮುಖ ಬರೆಯಲಿ? ನನಗದು ನೆನಪಿಲ್ಲ, ಅಪ್ಪ ಹೇಳುತ್ತಿಲ್ಲ. ಕೊನೆಗೆ ಮದುವೆಯ ಗಂಟೆ ಬಾರಿಸಿ ಮುಗಿಸುವುದು ಸಿನಿಮಾಕ್ಕಿರಲಿ. ವಾಕ್ಯದ ಕೊನೆಗೆ ಚುಕ್ಕೆ ಇಟ್ಟರೆ ಅವಳು ನಿಂತುಬಿಡುತ್ತಾಳೆ. ನಾನು ಇಡುವುದಿಲ್ಲ. ಆ ಮರ ದಾಟಿ, ಹಿಮದ ಮೇಲೆ, ಅಪ್ಪನೂ ನಾನೂ ಒಟ್ಟಿಗೆ ನೋಡುತ್ತಿರುವಂತೆಯೇ, ಅಮ್ಮ ಇನ್ನೂ ನಡೆಯುತ್ತ